ಹದಿನೈದು ನಿಮಿಷದ ಮಾತಿನ ಬೆಲೆ

ನಮ್ಮ ಬೀದಿಯ ತಿರುವಿನಲ್ಲಿ ತಳ್ಳುಗಾಡಿ ಇಟ್ಟುಕೊಂಡು ಬಟ್ಟೆ ಇಸ್ತ್ರಿ ಮಾಡುವ ಅಕ್ಕನ ಜೊತೆ ಕಳೆದ ವರ್ಷ ಮೂರು ಸಲ ಪರಪ್ಪನ ಅಗ್ರಹಾರಕ್ಕೆ ಹೋಗಿದ್ದೆ. ಅವರ ತಮ್ಮ ಕಳ್ಳತನದ ಆರೋಪದ ಮೇಲೆ ಅಲ್ಲಿನ ಕೇಂದ್ರ ಕಾರಾಗೃಹದಲ್ಲಿ ವಿಚಾರಣಾಧೀನ ಕೈದಿಯಾಗಿದ್ದ. ಜಾಮೀನು ಮಂಜೂರಾಗಿತ್ತು, ಆದರೆ ತಮ್ಮ ಹೆಸರಿನ ಪಹಣಿ ಹಿಡಿದು ಕೋರ್ಟಿಗೆ ಬಂದು ಹೊಣೆ ನಿಲ್ಲುವವರು ಅವರ ಬಳಗದಲ್ಲಿ ಯಾರೂ ಇರಲಿಲ್ಲ. ಮೂರನೆಯ ಭೇಟಿ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಅಕ್ಕ ಲೆಕ್ಕ ಹಾಕತೊಡಗಿದರು. ಶಕ್ತಿ ಯೋಜನೆಯಿಂದಾಗಿ ಬಸ್ಸಿನ ಖರ್ಚಿರಲಿಲ್ಲ. ಆದರೂ ಗಾಡಿ ಮುಚ್ಚಿದ್ದರಿಂದ ಹೋದ ದಿನದ ದುಡಿಮೆ, ತಮ್ಮನ ಕ್ಯಾಂಟೀನ್ ಖರ್ಚಿಗೆ ಕಟ್ಟಿದ ಹಣ, ವಕೀಲರ ಗುಮಾಸ್ತರಿಗೆ ಕೊಟ್ಟದ್ದು, ಎಲ್ಲವನ್ನೂ ಬೆರಳ ಗೆಣ್ಣುಗಳ ಮೇಲೆ ಎಣಿಸಿ, “ಒಳಗಿರೋನು ಅವನು, ದಂಡ ಕಟ್ತಿರೋಳು ನಾನು” ಎಂದರು.

ಅಮೆರಿಕದ ಜೈಲುಗಳ ಬಗ್ಗೆ ಕೆಲವು ವರ್ಷಗಳಿಂದ ಓದುತ್ತಿರುವ ನನಗೆ ಆ ಕ್ಷಣದಲ್ಲಿ ಮಾರ್ಥಾ ರೈಟ್ ನೆನಪಾದರು. ವಾಷಿಂಗ್ಟನ್ನಿನ ಈ ನಿವೃತ್ತ ನರ್ಸ್ ಕಪ್ಪು ಮಹಿಳೆ; ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ದೂರದ ಜೈಲುಗಳಲ್ಲಿದ್ದ ಮೊಮ್ಮಗನಿಗೆ ಪತ್ರ ಬರೆಯುವುದೂ ಅವನ ಪತ್ರ ಓದುವುದೂ ಆಗದ್ದರಿಂದ ಫೋನ್ ಒಂದೇ ದಾರಿಯಾಗಿತ್ತು. ಆ ಕಾಲಕ್ಕೆ ಕೆಲವು ಜೈಲುಗಳಿಂದ ಹೊರರಾಜ್ಯಕ್ಕೆ ಮಾಡುವ ಹದಿನೈದು ನಿಮಿಷದ ಕರೆಗೆ ಹತ್ತು ಡಾಲರ್‌ಗೂ ಹೆಚ್ಚು ತೆರಬೇಕಿತ್ತು. ಅವರು ಮತ್ತು ಇನ್ನೂ ಹಲವು ಕುಟುಂಬದವರು 2000ದಲ್ಲಿ ಖಾಸಗಿ ಜೈಲು ಕಂಪನಿಯ ಮೇಲೂ ಫೋನ್ ಕಂಪನಿಗಳ ಮೇಲೂ ದಾವೆ ಹೂಡಿದರು. ಅಂತರರಾಜ್ಯ ಕರೆಗಳ ದರಕ್ಕೆ ಮಿತಿ ಬಂದದ್ದು 2013ರಲ್ಲಿ. 2015ರಲ್ಲಿ ಅವರು ತೀರಿಕೊಂಡರು. ರಾಜ್ಯದೊಳಗಿನ ಕರೆಗಳ ದರವನ್ನೂ ನಿಯಂತ್ರಿಸುವ, ಅವರ ಹೆಸರನ್ನೇ ಹೊತ್ತ ಕಾಯ್ದೆಗೆ ಅಧ್ಯಕ್ಷರ ಅಂಕಿತ ಬಿದ್ದದ್ದು 2023ರ ಜನವರಿಯಲ್ಲಿ.

ದರ ಅಷ್ಟು ಏರಿದ್ದಕ್ಕೆ ತಂತ್ರಜ್ಞಾನ ಕಾರಣವಲ್ಲ, ಟೆಂಡರ್ ಕಾರಣ. ಪ್ರತಿ ಕರೆಯ ಹಣದಲ್ಲಿ ಒಂದು ಪಾಲನ್ನು ಕಂಪನಿಯು ಜೈಲಿಗೋ ಆ ಜಿಲ್ಲಾಡಳಿತಕ್ಕೋ ಕಮಿಷನ್ ರೂಪದಲ್ಲಿ ಕೊಡುವುದು ವಾಡಿಕೆಯಾಗಿತ್ತು. ಹೀಗಾಗಿ ಕಡಿಮೆ ದರ ಹೇಳಿದವರಿಗಲ್ಲ, ಹೆಚ್ಚು ಕಮಿಷನ್ ಹೇಳಿದವರಿಗೆ ಗುತ್ತಿಗೆ ಸಿಗುತ್ತಿತ್ತು. ಗುತ್ತಿಗೆ ಕೊಡುವ ಅಧಿಕಾರಿ ಆ ಫೋನಿನಲ್ಲಿ ಮಾತನಾಡುವುದಿಲ್ಲ. ಮಾತನಾಡುವ ತಾಯಿಗೋ ಅಜ್ಜಿಗೋ ಬೇರೆ ಕಂಪನಿಯನ್ನು ಆರಿಸಿಕೊಳ್ಳುವ ಅವಕಾಶವಿಲ್ಲ. ಸೆಕ್ಯುರಸ್ ಮತ್ತು ಗ್ಲೋಬಲ್ ಟೆಲ್ ಲಿಂಕ್ ಎಂಬ ಎರಡು ಕಂಪನಿಗಳು ಈ ಮಾರುಕಟ್ಟೆಯ ಬಹುಭಾಗವನ್ನು ಹಿಡಿದವು. ಇಂಥ ಕಮಿಷನ್ನನ್ನು ನಿಷೇಧಿಸಿ ದರವನ್ನು ಇನ್ನಷ್ಟು ಇಳಿಸುವ ನಿಯಮಗಳನ್ನು ಅಲ್ಲಿನ ಸಂಪರ್ಕ ಆಯೋಗ 2024ರಲ್ಲಿ ಹೊರಡಿಸಿತು. 2025ರಲ್ಲಿ ಅದೇ ಆಯೋಗ ಅವುಗಳ ಜಾರಿಯನ್ನು ಮುಂದೂಡಿತು. ಆದರೆ ಕನೆಕ್ಟಿಕಟ್ ರಾಜ್ಯ 2021ರಲ್ಲೇ ಕಾನೂನು ಮಾಡಿ ತನ್ನ ಜೈಲುಗಳ ಕರೆಗಳನ್ನು ಉಚಿತಗೊಳಿಸಿತು. ಮನಸ್ಸಿದ್ದರೆ ಮಾರ್ಗವಿತ್ತು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಈ ಹಣ ಯಾರ ಮನೆಯಿಂದ ಬರುತ್ತದೆ ಎಂಬಲ್ಲಿ ವರ್ಣದ ಪ್ರಶ್ನೆ ಏಳುತ್ತದೆ. ಅಮೆರಿಕದ ಜನಸಂಖ್ಯೆಯಲ್ಲಿ ಕಪ್ಪು ಜನರ ಪಾಲು ಸುಮಾರು ಶೇ. 13; ಜೈಲುಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು. ಇದನ್ನು ಮಾಡಿದ್ದು ಕಂಪನಿಗಳಲ್ಲ, ಕಾನೂನು. 1986ರ ಕಾಯ್ದೆಯ ಪ್ರಕಾರ 5 ಗ್ರಾಂ ಕ್ರ್ಯಾಕ್ ಕೊಕೇನ್ (ಅದೇ ಮಾದಕವಸ್ತುವಿನ ಸೇದುವ ಹರಳು ರೂಪ) ಮಾರಾಟಕ್ಕೆ ಕನಿಷ್ಠ ಐದು ವರ್ಷ ಶಿಕ್ಷೆ. ಪುಡಿ ಕೊಕೇನ್ ಆದರೆ ಅದೇ ಶಿಕ್ಷೆಗೆ 500 ಗ್ರಾಂ ಬೇಕಿತ್ತು. ಕ್ರ್ಯಾಕ್ ಪ್ರಕರಣಗಳಲ್ಲಿ ಶಿಕ್ಷೆಯಾದವರಲ್ಲಿ ಬಹುಪಾಲು ಜನ ಕಪ್ಪುವರ್ಣೀಯರು. ನೂರಕ್ಕೆ ಒಂದರ ಈ ಅಂತರ 2010ರಲ್ಲಿ ಹದಿನೆಂಟಕ್ಕೆ ಒಂದಾಯಿತೇ ಹೊರತು ಅಳಿಯಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಗುಲಾಮಗಿರಿಯನ್ನು ರದ್ದು ಮಾಡಿದ 1865ರ ಹದಿಮೂರನೆಯ ತಿದ್ದುಪಡಿಯೇ ಅಪರಾಧಕ್ಕೆ ಶಿಕ್ಷೆಯಾಗಿ ಬಲವಂತದ ದುಡಿಮೆಯನ್ನು ಉಳಿಸಿಕೊಂಡಿತ್ತು. ಆ ಸಂದಿನಲ್ಲಿ ದಕ್ಷಿಣದ ರಾಜ್ಯಗಳು ಕೆಲಸವಿಲ್ಲದೆ ಅಲೆದಾಡಿದರೆಂಬಂಥ ನೆಪಗಳಿಗೂ ಕಪ್ಪು ಜನರನ್ನು ಹಿಡಿದು, ಕೈದಿಗಳೆಂದು ಗಣಿಗಳಿಗೂ ರೈಲುದಾರಿಯ ಕೆಲಸಕ್ಕೂ ಬಾಡಿಗೆಗೆ ಕೊಟ್ಟವು. ಅಲಬಾಮಾದಲ್ಲಿ ಇದು 1928ರವರೆಗೂ ನಡೆಯಿತು.

ಖಾಸಗಿ ಜೈಲುಗಳನ್ನು ಮುಚ್ಚಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರ ಮಾತನ್ನು ಈ ಕಾರಣಕ್ಕೆ ನಾನು ಒಪ್ಪುವುದಿಲ್ಲ. ಈಗ ಕೋರ್‌ಸಿವಿಕ್ ಎನಿಸಿಕೊಳ್ಳುವ ಕಂಪನಿ 1983ರಲ್ಲಿ ಟೆನೆಸಿಯಲ್ಲಿ ಹುಟ್ಟಿತು. ಹಲವು ಒಪ್ಪಂದಗಳಲ್ಲಿ ಹಾಸಿಗೆಗಳು ಶೇ. 80ರಿಂದ 100ರಷ್ಟು ಭರ್ತಿಯಾಗಿರಬೇಕು, ಖಾಲಿ ಉಳಿದವಕ್ಕೂ ಸರ್ಕಾರ ಹಣ ಕೊಡಬೇಕು ಎಂಬ ಷರತ್ತಿದೆ ಎಂದು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಆದರೂ ಇಂಥ ಜೈಲುಗಳಲ್ಲಿರುವುದು ಒಟ್ಟು ಕೈದಿಗಳಲ್ಲಿ ಸುಮಾರು ಶೇ. 8ರಷ್ಟು ಜನ ಮಾತ್ರ. ಉಳಿದವರು ಸರ್ಕಾರಿ ಜೈಲುಗಳಲ್ಲಿದ್ದಾರೆ. ಅಲ್ಲಿನ ಫೋನು, ಅಂಗಡಿ, ಅಡುಗೆ, ಆಸ್ಪತ್ರೆಗಳ ಮೂಲಕ ಕಂಪನಿಗಳು ಒಳಹೊಕ್ಕಿವೆ. ಅನ್ಯಾಯವನ್ನು ಸರ್ಕಾರ ಕಟ್ಟಿತು, ಕಂಪನಿ ಅದರಲ್ಲಿ ಬಾಡಿಗೆಗೆ ಬಂದಿತು. ಕೈದಿಗಳ ಸಂಖ್ಯೆ ಇಳಿದರೆ ಬಾಡಿಗೆದಾರನಿಗೆ ನಷ್ಟ.

ನಮ್ಮ ಜೈಲುಗಳನ್ನು ನಡೆಸುವುದು ಸರ್ಕಾರವೇ. ಆದರೆ ಕೆಲವು ರಾಜ್ಯಗಳ ಜೈಲು ಕೈಪಿಡಿಗಳು ಅಡುಗೆಯನ್ನು ಮೇಲ್ಜಾತಿಯವರಿಗೂ ಕಸ ಗುಡಿಸುವುದನ್ನು ಕೆಳಜಾತಿಯವರಿಗೂ ಹಂಚುತ್ತಿದ್ದವು. ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕವೆಂದು ಹೇಳಿದ್ದು 2024ರ ಅಕ್ಟೋಬರ್ 3ರಂದು, ಸ್ವಾತಂತ್ರ್ಯ ಬಂದು 77 ವರ್ಷಗಳಾದ ಮೇಲೆ. ದೇಶದ ಪ್ರತಿ ನಾಲ್ಕು ಕೈದಿಗಳಲ್ಲಿ ಮೂವರು ಇನ್ನೂ ಅಪರಾಧ ಸಾಬೀತಾಗದ ವಿಚಾರಣಾಧೀನರು. ಪಹಣಿ ಇದ್ದವರು ಹೊರಗೆ ಬರುತ್ತಾರೆ, ಇಲ್ಲದವರು ಉಳಿಯುತ್ತಾರೆ. ತಲೆಮಾರುಗಳಿಂದ ಭೂಮಿ ಯಾರ ಕೈಗೆ ಸಿಗಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವುದೇ.

ಅಕ್ಕನ ತಮ್ಮ ಏಳು ತಿಂಗಳಾದ ಮೇಲೆ ಹೊರಬಂದ. ಮಾಗಡಿ ಕಡೆಯ ರೈತರೊಬ್ಬರು ತಮ್ಮ ಒಂದು ಎಕರೆ ಹತ್ತು ಗುಂಟೆಯ ಪಹಣಿ ತಂದು ಸಹಿ ಹಾಕಿದರು. ಪ್ರಕರಣ ಇನ್ನೂ ಮುಗಿದಿಲ್ಲ. ಮುಂದಿನ ವಾಯಿದೆಯ ದಿನವೂ ಅಕ್ಕ ಗಾಡಿ ಮುಚ್ಚಿ ಅವನ ಜೊತೆ ಕೋರ್ಟಿಗೆ ಹೋಗುತ್ತಾರೆ.