ನವೆಂಬರ್‌ನಲ್ಲಿ ಹೋಗಿ ಮಾರ್ಚ್‌ನಲ್ಲಿ ಬರುವ ಮಕ್ಕಳು

ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನಲ್ಲಿ, ಶಾಲೆ ಬಿಟ್ಟ ಮಕ್ಕಳ ವಿಶೇಷ ತರಬೇತಿ ಕೇಂದ್ರವೊಂದರಲ್ಲಿ ನಾನು ಶಿಕ್ಷಕ. ಬರುವವರಲ್ಲಿ ಹೆಚ್ಚಿನವರು ಜೇನುಕುರುಬ ಬುಡಕಟ್ಟಿನ ಹಾಡಿಗಳ, ಅಂದರೆ ಪುಟ್ಟ ಕೇರಿಗಳ, ಮಕ್ಕಳು. ಇಂಥ ಕೇಂದ್ರಕ್ಕೆ ಕಟ್ಟಡ, ಟ್ಯಾಬ್, ಆಟದ ಸಾಮಾನು ಎಲ್ಲವೂ ಬೇಕು. ಊಟವಂತೂ ಬೇಕೇ ಬೇಕು. ಆದರೆ ತಿಂಗಳುಗಟ್ಟಲೆ ನಾಪತ್ತೆಯಾದ ಮಗು ಮತ್ತೆ ಬಂದಾಗ ಅದನ್ನು ಎಲ್ಲಿ ಕೂರಿಸುತ್ತೀರಿ, ಕೈಗೆ ಏನು ಕೊಡುತ್ತೀರಿ ಎಂಬುದರ ಮೇಲೆಯೇ ಮಗು ಉಳಿಯುತ್ತದೋ ಇಲ್ಲವೋ ನಿರ್ಧಾರವಾಗುತ್ತದೆ.

ಕೊಡಗಿನಲ್ಲಿ ಕಾಫಿ ಕೊಯ್ಲು ನವೆಂಬರ್ ಹೊತ್ತಿಗೆ ಶುರು. ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ, ಮುಗಿಯುವಾಗ ಮಾರ್ಚ್. ತೋಟದ ಜೀಪು ಹಾಡಿಗೆ ಬಂದರೆ ಅಪ್ಪ ಅಮ್ಮನ ಜೊತೆ ಮಕ್ಕಳೂ ಹತ್ತುತ್ತಾರೆ. ನೋಡಿಕೊಳ್ಳುವವರಿಲ್ಲದ ಮನೆಯಲ್ಲಿ ಬಿಟ್ಟು ಹೋಗಲಾದೀತೇ? ತಿರುಗಿ ಬರುವಷ್ಟರಲ್ಲಿ ಮಾಮೂಲಿ ಶಾಲೆಯಲ್ಲಿ ಪುಸ್ತಕವೇ ಮುಗಿಯುತ್ತಾ ಬಂದಿರುತ್ತದೆ. ಹುಡುಗ ಹಿಂದಿನ ಸಾಲಿನಲ್ಲಿ ನಾಲ್ಕು ದಿನ ಕೂತು ಮಾಯವಾಗುತ್ತಾನೆ.

ಮದ್ದು ನಮ್ಮ ಹಿತ್ತಲಿನಲ್ಲೇ ಇತ್ತು. ನಲಿ-ಕಲಿ ಎಂಬ ಕಲಿಸುವ ಕ್ರಮ ಹುಟ್ಟಿದ್ದೇ ಈ ತಾಲ್ಲೂಕಿನಲ್ಲಿ, 1995ರಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿಯಿಂದ ಪ್ರೇರಣೆ ಪಡೆದು. ಅಲ್ಲಿ ಪಾಠಗಳ ಬದಲು ಮೈಲಿಗಲ್ಲುಗಳು, ಪುಟಗಳ ಬದಲು ಕಾರ್ಡುಗಳು. ಕಲಿಕಾ ಏಣಿಯಲ್ಲಿ ಮಗು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದಕ್ಕೆ ಹತ್ತುತ್ತದೆ. ಸರ್ಕಾರಿ ಶಾಲೆಗಳಲ್ಲಿ ಮೂರನೇ ತರಗತಿಗೆ ನಿಲ್ಲುವ ಈ ಕ್ರಮವನ್ನು ನಾವು ಹನ್ನೆರಡು, ಹದಿಮೂರರ ಮಕ್ಕಳಿಗೂ ಎಳೆದು ತಂದಿದ್ದೇವೆ.

ಎಳೆದು ತಂದಿದ್ದರಿಂದ ಒಂದು ತೊಡಕೂ ಬಂತು. ಮೀಸೆ ಚಿಗುರುತ್ತಿರುವವನ ಮುಂದೆ ಮೊಲದ ಚಿತ್ರದ ಕಾರ್ಡು ಇಟ್ಟರೆ ಅವನಿಗೆ ಅವಮಾನ. ಒಬ್ಬ ಕಾರ್ಡನ್ನು ಬೋರಲು ಹಾಕಿ ಗೋಡೆ ನೋಡುತ್ತಾ ಕೂತಿದ್ದ. ತೋಟದಲ್ಲಿ ಲೆಕ್ಕ ಇಡುವ ರೈಟರ್ ತೂಕ ಬರೆದುಕೊಳ್ಳುವಂತೆಯೇ ಒಂದು ಚೀಟಿ ಬರೆದು ಕೊಟ್ಟೆ: ಬೆಳಗಿನದು 38 ಕಿಲೋ, ಸಂಜೆಯದು 27, ಕಿಲೋಗೆ 5 ರೂಪಾಯಿ. ಅಂಕಿಗಳನ್ನು ನಾನು ಓದಿ ಹೇಳಿದ್ದೇ ತಡ, ಪೆನ್ಸಿಲ್ ಮುಟ್ಟದೆ 325 ಎಂದ. ಮರುಗಳಿಗೆಗೆ, "ಚೀಲದ ತೂಕ ಕಳೆದಿಲ್ಲವಲ್ಲ ಸಾರ್" ಎಂದು ನನ್ನ ಚೀಟಿಯನ್ನೇ ತಿದ್ದಿದ. ಕಳೆದು ಬರೆದು ತೋರಿಸು ಎಂದ ಮೇಲೆ ಪೆನ್ಸಿಲ್ ಕೈಗೆ ಬಂತು. ತೂಕದ ಚೀಟಿ, ನ್ಯಾಯಬೆಲೆ ಅಂಗಡಿಯ ದರಪಟ್ಟಿ, ಬಸ್ಸಿನ ಫಲಕ, ಮಾತ್ರೆಯ ಕವರು: ದೊಡ್ಡ ಮಕ್ಕಳ ಕಾರ್ಡುಗಳು ಈಗ ಇವೇ.

ನಮ್ಮ ಸಹಾಯಕಿ ಹಾಡಿಯವರೇ. ಚಿಕ್ಕವರಿಗೆ ಅವರದೇ ನುಡಿಯಲ್ಲಿ ವಿವರಿಸುವುದು ಒಂದು ಉಪಕಾರವಾದರೆ, ಯಾವ ಮನೆಯವರು ಯಾವಾಗ ಹೊರಡುತ್ತಾರೆ ಎಂಬ ಸುದ್ದಿ ಮೊದಲೇ ತರುವುದು ಇನ್ನೂ ದೊಡ್ಡದು. ಹೊರಡುವ ಮಗುವಿನ ಚೀಲಕ್ಕೆ ಕಾರ್ಡುಗಳ ಒಂದು ಕಟ್ಟು ಹಾಕಿ ಕಳಿಸುತ್ತೇವೆ. ಕೆಲವು ಕಟ್ಟುಗಳು ಬಿಚ್ಚದೆಯೇ ವಾಪಸಾಗುತ್ತವೆ. ಆಗಲಿ, ಮಗು ವಾಪಸಾಯಿತಲ್ಲ.

ನನಗೆ ಸಿಟ್ಟು ಬರುವುದು ಮಾಮೂಲಿ ಶಾಲೆಗೆ ಸೇರಿಸುವ ಹಂತದಲ್ಲಿ. ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಹೀಗೆ ಸೇರಿದವರಿಗೆ 14 ತುಂಬಿದ ಮೇಲೂ ಎಂಟನೇ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ವರ್ಗಾವಣೆ ಪತ್ರ ತಡವಾಯಿತೆಂದು ಬಾಗಿಲು ಹಾಕುವಂತಿಲ್ಲ ಎನ್ನುತ್ತದೆ 5ನೇ ಸೆಕ್ಷನ್. ಆದರೂ "ಟಿಸಿ ತನ್ನಿ" ಎಂಬ ಮಾತು ತಪ್ಪುವುದಿಲ್ಲ. ಕಾಯ್ದೆಯ ಒಂದು ಪ್ರತಿ ನನ್ನ ಚೀಲದಲ್ಲಿ ಸದಾ ಇರುತ್ತದೆ; ವಾದ ಮಾಡುವ ಬದಲು ಅದನ್ನು ಮೇಜಿನ ಮೇಲಿಟ್ಟರೆ ಕೆಲಸ ಬೇಗ ಆಗುತ್ತದೆ.