ಲಿಸ್ಟ್ ಇಲ್ಲ, ಪೇಪರ್ ಎಲ್ಲಿಗೆ ಕಳಿಸಲಿ?

ಕಾರವಾರ, ಕುಮಟಾ, ಶಿರಸಿ ಕಡೆಯ ಮಕ್ಕಳು ಪಿಎಚ್‌ಡಿಗೆ ಸೇರಿ ವರ್ಷ ಕಳೆಯುವುದರೊಳಗೆ ಫೋನ್ ಮಾಡುತ್ತಾರೆ. ಪ್ರಶ್ನೆ ಒಂದೇ. "ಅಕ್ಕಾ, ಯುಜಿಸಿ ಕೇರ್ ಲಿಸ್ಟ್ ತೆಗೆದುಬಿಟ್ಟಿದ್ದಾರಂತೆ, ಈಗ ಪೇಪರ್ ಯಾವ ಜರ್ನಲ್‌ಗೆ ಕಳಿಸಲಿ?" ಕೇರ್ ಲಿಸ್ಟ್ ಅಂದರೆ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಒಪ್ಪಿದ ಜರ್ನಲ್‌ಗಳ ಪಟ್ಟಿ.

ನೀವು ನಾಲ್ಕಾರು ಸಲ ಓದಿ, ಗೆರೆ ಎಳೆದು ಇಟ್ಟುಕೊಂಡ ಪೇಪರ್‌ಗಳು ಯಾವ ಜರ್ನಲ್‌ನಲ್ಲಿ ಬಂದಿವೆಯೋ ಅಲ್ಲಿಗೆ ಕಳಿಸಿ. ಇನ್ನೊಂದು ಲಿಸ್ಟ್ ಹುಡುಕಬೇಡಿ. ಇಷ್ಟು ಗಟ್ಟಿಯಾಗಿ ಯಾಕೆ ಹೇಳುತ್ತೇನೆ ಅಂದರೆ, ಲಿಸ್ಟ್ ನಂಬಿ ನಾನು ಕಳೆದುಕೊಂಡಿದ್ದೇನೆ.

ನನ್ನ ಕೆಲಸ ಅಘನಾಶಿನಿ ಅಳಿವೆಯ ಬಳಚಿನ (ಕೆಸರಲ್ಲಿ ಬದುಕುವ ಚಿಪ್ಪಿನ ಜೀವಿ) ಮೇಲೆ. ಎರಡು ವರ್ಷ, ನೀರು ಇಳಿದ ಹೊತ್ತಿಗೆ, ಬಳಚು ಹೆಕ್ಕುವ ಹೆಂಗಸರ ಜೊತೆ ಕೆಸರಿಗೆ ಇಳಿಯುತ್ತಿದ್ದೆ. ಒಂದೊಂದೇ ಚಿಪ್ಪನ್ನು ವರ್ನಿಯರ್‌ನಲ್ಲಿ ಹಿಡಿದು ಅಳೆಯಬೇಕು, ಒದ್ದೆ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಬರೆಯಬೇಕು (ಪೆನ್ನಿನ ಶಾಯಿ ನಿಲ್ಲುವುದಿಲ್ಲ). ಮಳೆಗಾಲದಲ್ಲಿ ನೀರಿನ ಉಪ್ಪು ಇಳಿದಾಗ ಬಳಚಿಗೆ ಏನಾಗುತ್ತದೆ ಅನ್ನುವ ಲೆಕ್ಕ ಅದು. ಆ ಪೇಪರನ್ನು ಒಂದು ಜರ್ನಲ್‌ಗೆ ಕಳಿಸಿದೆ. ನಾಲ್ಕೇ ದಿನಕ್ಕೆ, ಅಂಕೋಲೆ ಬಸ್ಸಿನಲ್ಲಿ ಕೂತಿದ್ದಾಗ, ಸ್ವೀಕಾರವಾಗಿದೆ ಅಂತ ಮೇಲ್ ಬಂತು. ವಿಮರ್ಶಕರು ಬರೆದಿದ್ದು ಎರಡೇ ಸಾಲು, ಅದೂ ವ್ಯಾಕರಣದ ಬಗ್ಗೆ. ಉಪ್ಪಿನ ಬಗ್ಗೆ, ಬಳಚಿನ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು. ಆದರೆ ಯುಜಿಸಿಯ ಆಗಿನ ಹಳೆಯ ಪಟ್ಟಿಯಲ್ಲಿ ಹೆಸರಿತ್ತಲ್ಲ, ದುಡ್ಡು ಕಟ್ಟಿದೆ. 2018ರ ಮೇ ತಿಂಗಳಲ್ಲಿ ಯುಜಿಸಿ 4,305 ಜರ್ನಲ್‌ಗಳನ್ನು ಪಟ್ಟಿಯಿಂದ ತೆಗೆಯಿತು, ಅದರಲ್ಲಿ ಇದೂ ಹೋಯಿತು. ಆಮೇಲೆ ವೆಬ್‌ಸೈಟೇ ಇಲ್ಲವಾಯಿತು. ಒಮ್ಮೆ ಪ್ರಕಟವಾದದ್ದನ್ನು ಇನ್ನೊಂದು ಕಡೆ ಹಾಕುವ ಹಾಗೂ ಇಲ್ಲ. ಎರಡು ಮಳೆಗಾಲದ ಅಳತೆ ಈಗ ಹುಡುಕಿದರೂ ಯಾರಿಗೂ ಸಿಗುವುದಿಲ್ಲ.

ಅದಾದ ಮೇಲೆ ಕೇರ್ ಲಿಸ್ಟ್ ಬಂತು, 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿದರು. ಜರ್ನಲ್ ಒಳ್ಳೆಯದೋ ಅಲ್ಲವೋ ಅನ್ನುವುದನ್ನು ಈಗ ಕಾಲೇಜು, ವಿಶ್ವವಿದ್ಯಾಲಯ, ಬರೆಯುವವರೇ ನೋಡಿಕೊಳ್ಳಬೇಕು. "ಹಾಗಾದರೆ ಸ್ಕೋಪಸ್‌ನಲ್ಲಿದ್ದರೆ ಸಾಕಲ್ವಾ?" ಅಂತ ಕೇಳುತ್ತೀರಿ (ಅದೂ ಜರ್ನಲ್‌ಗಳನ್ನು ಆಯ್ದು ಸೇರಿಸಿಕೊಳ್ಳುವ ಒಂದು ಅಂತರರಾಷ್ಟ್ರೀಯ ಸೂಚಿ). ಸಾಲದು. ಹಿಂದಾವಿ ಅನ್ನುವ ಪ್ರಕಾಶಕರ ಎಷ್ಟೋ ಜರ್ನಲ್‌ಗಳು ಅಲ್ಲಿದ್ದವು, ಆದರೂ 2023ರಲ್ಲಿ ಅದರ 8,000ಕ್ಕೂ ಜಾಸ್ತಿ ಪೇಪರ್‌ಗಳನ್ನು ಹಿಂದಕ್ಕೆ ಪಡೆಯಬೇಕಾಯಿತು.

ಕಳಿಸುವ ಮೊದಲು ಆ ಜರ್ನಲ್‌ನ ಈಚಿನ ಮೂರು ಸಂಚಿಕೆ ತೆಗೆದು ಓದಿ. ಬಳಚಿನ ಪಕ್ಕದಲ್ಲೇ ಬ್ಯಾಂಕಿಂಗ್, ಯೋಗ, ಕಾಂಕ್ರೀಟ್ ಎಲ್ಲ ಇದ್ದರೆ ಮುಚ್ಚಿಬಿಡಿ. ಸಂಪಾದಕ ಮಂಡಳಿಯಲ್ಲಿರುವ ಒಬ್ಬರ ಸ್ವಂತ ಪುಟ ತೆಗೆದು, ಅವರು ಈ ಜರ್ನಲ್ ಹೆಸರು ಹೇಳಿಕೊಂಡಿದ್ದಾರಾ ನೋಡಿ. ಓದಲು ಈಗ ದಾರಿಯೂ ಇದೆ. 2025ರ ಜನವರಿಯಿಂದ ಒಂದು ದೇಶ ಒಂದು ಚಂದಾ ಯೋಜನೆಯಲ್ಲಿ ಸರ್ಕಾರಿ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್ ಸಿಗುತ್ತಿವೆ. ನಿಮ್ಮ ಲೈಬ್ರರಿಯಲ್ಲಿ ಇವತ್ತೇ ಕೇಳಿ.

ದುಡ್ಡಿನ ವಿಷಯ. ಜೆಆರ್‌ಎಫ್ (ಪಿಎಚ್‌ಡಿ ಮಾಡುವವರಿಗೆ ಸಿಗುವ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ, ಅದೂ ಎಲ್ಲರಿಗೂ ಇಲ್ಲ. ದೊಡ್ಡ ಪ್ರಕಾಶಕರ ಓಪನ್ ಆ್ಯಕ್ಸೆಸ್ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ) ಜರ್ನಲ್ ಒಂದು ಪೇಪರಿಗೆ ಲಕ್ಷದ ಮೇಲೆ ಕೇಳಬಹುದು. ಸಾಲ ಮಾಡಬೇಡಿ. ಚಂದಾ ಮೇಲೆ ನಡೆಯುವ ಎಷ್ಟೋ ಒಳ್ಳೆಯ ಜರ್ನಲ್‌ಗಳು ಬರೆದವರಿಂದ ಹಣ ಕೇಳುವುದಿಲ್ಲ.

ಆದರೆ ಅವು ತಡ ಮಾಡುತ್ತವೆ. ಆರು ತಿಂಗಳು, ಕೆಲವೊಮ್ಮೆ ವರ್ಷ. ಎಲ್ಲರೂ ಜಾರುವುದು ಇಲ್ಲೇ. 2022ರ ಯುಜಿಸಿ ನಿಯಮದಲ್ಲಿ ಥೀಸಿಸ್ ಕೊಡುವ ಮೊದಲು ಪೇಪರ್ ಕಡ್ಡಾಯ ಅನ್ನುವುದು ಇಲ್ಲ, ಆದರೂ ಕೆಲಸದ ಸಂದರ್ಶನದಲ್ಲಿ ಕೇಳೇ ಕೇಳುತ್ತಾರೆ. ಕೊನೆಯ ವರ್ಷ ಗಡಿಬಿಡಿ ಶುರುವಾದಾಗ ನಾಲ್ಕು ದಿನದ ಜರ್ನಲ್ ದೇವರ ಹಾಗೆ ಕಾಣುತ್ತದೆ. ಎರಡನೇ ವರ್ಷವೇ ಚಿಕ್ಕದೊಂದು ಪೇಪರ್ ಕಳಿಸಿಡಿ. ಗೈಡ್‌ಗಳಿಗೂ ಒಂದು ಮಾತು: ಮಕ್ಕಳ ಪಕ್ಕ ಕೂತು ಆ ಮೂರು ಸಂಚಿಕೆ ನೀವೂ ನೋಡಿ. ಇಪ್ಪತ್ತೈದರ ಹುಡುಗಿಯ ಮೇಲೆ ಇಡೀ ಹೊರೆ ಹಾಕುವುದು ಸರಿಯಲ್ಲ.

ನಾಲ್ಕು ದಿನಕ್ಕೆ ಸ್ವೀಕಾರದ ಮೇಲ್ ಬಂದರೆ, ದುಡ್ಡು ಕಟ್ಟುವ ಮೊದಲು ನನಗೆ ಫೋನ್ ಮಾಡಿ. ರಾತ್ರಿಯಾಗಿದ್ದರೂ ಅಡ್ಡಿಲ್ಲ.