ಖರ್ಚು ಇಳಿದರೂ ರುಚಿ ಇಳಿದಿಲ್ಲ

ಕಿರಾಣಿ ಖರ್ಚು ಕಡಿಮೆ ಮಾಡೋಕೆ ಊಟ ಕಡಿಮೆ ಮಾಡಬೇಕಿಲ್ಲ. ನಮ್ಮ ಕಲಬುರಗಿಯಲ್ಲಂತೂ ಬೇಡವೇ ಬೇಡ. 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಪಡೆದ ತೊಗರಿಯ ನಾಡಿದು. ರಾಶಿ ಮುಗಿದ ಮೇಲೆ ದಾಲ್ ಮಿಲ್‌ನಿಂದಲೇ ಬೇಳೆ ತಂದು, ಬಿಸಿಲಿಗೆ ಒಣಗಿಸಿ ಡಬ್ಬಿಗೆ ತುಂಬುತ್ತೇವೆ. ಕಾಯಿಪಲ್ಲೆಗೆ ಮಾತ್ರ ಕತ್ತಲಾಗೋ ಹೊತ್ತಿಗೆ ಹೋಗೋದು. "ತಗೊಳ್ರಿ ಅಕ್ಕಾ" ಅಂತ ಮಾರುವವರು ಸೂಡಿನ ಮೇಲೆ ಸೂಡು ಪುಂಡಿಪಲ್ಲೆ (ಗೋಂಗೂರ ಸೊಪ್ಪು) ಇಟ್ಟುಬಿಡುತ್ತಾರೆ. ಅವರ ಹತ್ತಿರ ನಾನು ಚೌಕಾಸಿ ಮಾಡಲ್ಲ. ನಮ್ಮ ಉಳಿತಾಯ ಅವರ ದುಡಿಮೆಯಿಂದ ಬರಬಾರದು, ಅಲ್ವಾ? ಜೋಳದ ನುಚ್ಚು, ಒಂದು ಹಿಡಿ ಬೇಳೆ ಹಾಕಿ ಕುದಿಸಿ, ಜಾಸ್ತಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಆ ಪಲ್ಲೆ ಮರುದಿನ ಇನ್ನೂ ರುಚಿ. ಬಿಸಿ ರೊಟ್ಟಿ ಜೊತೆ ಮಕ್ಕಳು ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಾರೆ. ಈ ವಾರ ಉಳಿದ ದುಡ್ಡಿಗೆ ಶೇಂಗಾ ತಂದಿದ್ದೇನೆ, ನಾಳೆ ಹಿಂಡಿ (ಚಟ್ನಿಪುಡಿ) ಕುಟ್ಟಬೇಕು.